ದುಂಬಿಯ ಎಡಚಿಪ್ಪಿನ ತೂತು

ಯಲ್ಲಕ್ಕ ಆ ವರದಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಳು, ಕೂಸಿನ ಒದ್ದೆ ಚಡ್ಡಿ ಹಿಡಿದ ಹಾಗೆ.

“ಇದನ್ನ ಹುಳ ನೋಡಿ ಬರದೀರೋ, ಬಾಟ್ಲಿ ಮುಚ್ಚಳ ನೋಡಿ ಬರದೀರೋ?”

ಮೇಜಿನ ಆಚೆ ಪ್ರೊಫೆಸರ್ ಗುರುಪಾದ ಕೂತಿದ್ದರು. ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದವರು ನಿವೃತ್ತ ಅಟೆಂಡರ್ ಒಬ್ಬಳಿಗೆ ಉತ್ತರ ಕೊಡುವುದುಂಟೇ? ಅವರು ಪಿಎಸ್‌ಐ ಶಶಿಕಾಂತನ ಕಡೆ ತಿರುಗಿದರು.

“ಬಾಟ್ಲಿ ತೊಳಿಯೂ ಕೆಲಸದಾಕಿನ್ನ ಮುಧೋಳದಿಂದ ಕರಸಿ ನನ್ನ ವರದಿ ಓದಸಾಕತ್ತೀರಲ್ಲ, ನಿಮ್ಮ ಇಲಾಖೆಗೆ ಬ್ಯಾರೆ ಯಾರೂ ಸಿಗಲಿಲ್ಲೇನು?”

ಶಶಿಕಾಂತ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹನ್ನೆರಡು ವರ್ಷದ ಹಿಂದೆ ಇದೇ ಜಮಖಂಡಿಯ ಕಾಲೇಜಿನಲ್ಲಿ, ಇದೇ ಪ್ರಯೋಗಾಲಯದಲ್ಲಿ ಅವನ ರೆಕಾರ್ಡ್ ಪುಸ್ತಕದ ಜಿರಲೆಯ ಚಿತ್ರ ಬರೆದುಕೊಟ್ಟವಳು ಯಲ್ಲಕ್ಕ. ಅವನು ಬರೆದಿದ್ದ ಜಿರಲೆಗೆ ಎಂಟು ಕಾಲಿದ್ದವು. ಸೊಂಟಕ್ಕೆ ಪಿಸ್ತೂಲು ಬಂದರೂ ಅವಳ ಎದುರು ನಿಂತಾಗ ಅವನಿಗೆ ಆ ಎಂಟು ಕಾಲುಗಳೇ ನೆನಪಾಗುತ್ತಿದ್ದವು.

“ಒಂದ ಸಲ ನೋಡಲಿ ಬಿಡ್ರಿ ಸರ್,” ಎಂದ. “ಮೂರಕ್ಕ ಕೋರ್ಟಿಗೆ ಹಾಜರ ಮಾಡಬೇಕು ಆ ಹೆಣ್ಮಗಳನ್ನ. ಅಷ್ಟರಾಗ ನೋಡಲಿ.”

ಗೋಡೆಯ ಗಡಿಯಾರದಲ್ಲಿ ಒಂದೂವರೆಯಾಗಿತ್ತು.

ಆ ಹೆಣ್ಣುಮಗಳು ಮೇಘಾ. ತೇರದಾಳದ ಜೈನ ಹಿರಿಯರು ಆದಿನಾಥರ ಸೊಸೆ. ಬುಧವಾರ ಬೆಳಗಾಗುವಷ್ಟರಲ್ಲಿ ಆದಿನಾಥರು ಹಾಸಿಗೆಯಲ್ಲೇ ಸತ್ತಿದ್ದರು. ಹೊಟ್ಟೆಯಲ್ಲಿ ಕಬ್ಬಿಗೆ ಹೊಡೆಯುವ ವಿಷ. ತಲೆಯ ಹತ್ತಿರ ಅರ್ಧ ನೀರಿದ್ದ ಗಾಜಿನ ಲೋಟ, ಅದರಲ್ಲೂ ಅದೇ ವಿಷ, ಮತ್ತೆ ಆ ನೀರಿನಲ್ಲಿ ಎರಡು ಸತ್ತ ಹುಳಗಳು: ಒಂದು ಬಿಳಿ ಪತಂಗ, ಒಂದು ಕರಿ ನೀರುದುಂಬಿ.

ಆ ಮನೆಯಲ್ಲಿ ಕುಡಿಯುವ ನೀರು ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಅದೇ ಬಾವಿಗೆ ಇಳಿಸಿ ಬರುವವಳು ಮೇಘಾ ಒಬ್ಬಳೇ. ಮಂಗಳವಾರವೂ ಹಾಗೇ ಮಾಡಿದೆ ಎಂದು ಹೇಳಿಕೆ ಕೊಟ್ಟಿದ್ದಳು. ಹಾಗಾದರೆ ಹೆಬ್ಬೆರಳ ಗಾತ್ರದ ನೀರುದುಂಬಿ ಬಟ್ಟೆ ದಾಟಿ ಹೇಗೆ ಬಂತು? ಗುರುಪಾದರ ವರದಿ ಅದನ್ನೇ ಹೇಳುತ್ತಿತ್ತು. ‘ಸದರಿ ಎರಡೂ ಕೀಟಗಳು ಬಾವಿಯ ನೀರಿನ ಸಂಗಡ ಬಂದಿದ್ದು, ವಿಷದಿಂದ ಮೃತಪಟ್ಟಿರುತ್ತವೆ. ಆರೋಪಿಯು ನೀರು ಸೋಸಿರುವುದಿಲ್ಲ.’ ಒಂದು ಸುಳ್ಳು ಸಿಕ್ಕರೆ ಪೊಲೀಸರಿಗೆ ಸಾಕು, ಉಳಿದದ್ದನ್ನು ಅವರೇ ಹೊಲಿದುಕೊಳ್ಳುತ್ತಾರೆ.

ದೂರು ಕೊಟ್ಟವನು ಮೇಘಾಳ ಗಂಡ ಜಿನೇಶ. ಪುಣ್ಯಾತ್ಮ ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿದ್ದ, ಕರವಸ್ತ್ರದಿಂದ ಕಣ್ಣು ಒರೆಸುತ್ತ. ಕೂರುವ ಮೊದಲು ಬೆಂಚಿನ ಮೇಲೆ ಇರುವೆ ಇದೆಯೇ ಎಂದು ನೋಡಿಕೊಂಡಿದ್ದ. ಇರುವೆಯ ಮೇಲಿನ ಆ ಕರುಣೆಯಲ್ಲಿ ಒಂದು ಚಮಚ ಹೆಂಡತಿಯ ಮೇಲೂ ಇದ್ದಿದ್ದರೆ ಅವಳು ನಿನ್ನೆಯ ರಾತ್ರಿಯನ್ನು ಠಾಣೆಯಲ್ಲಿ ಕಳೆಯುತ್ತಿರಲಿಲ್ಲ ಎಂದು ಯಲ್ಲಕ್ಕ ಒಳಗೆ ಬರುವಾಗಲೇ ಅಂದುಕೊಂಡಿದ್ದಳು.

ಅವಳು ಬಿಳಿ ತಟ್ಟೆಯೊಂದನ್ನು ಮುಂದಕ್ಕೆ ಎಳೆದುಕೊಂಡಳು. ಪೊಲೀಸರು ಲೋಟದ ನೀರನ್ನು ಹುಳಗಳ ಸಮೇತ ಸುರಿದು ತಂದಿದ್ದ ಬಾಟಲಿಯ ಮುಚ್ಚಳ ತಿರುಗಿಸಿ, ಚಿಮಟದಿಂದ ಎರಡೂ ಹುಳ ತೆಗೆದು ಅಕ್ಕಪಕ್ಕ ಇಟ್ಟಳು.

“ಸಾಹೇಬ್ರ, ಹತ್ತಿರ ಬರ್ರಿ. ಮೂಗ ಮುಚ್ಚಬ್ಯಾಡ್ರಿ, ಮೂಗಿಗೆ ಇಲ್ಲೆ ಕೆಲಸ ಐತಿ.”

ಶಶಿಕಾಂತ ಬಗ್ಗಿದ. ಗುರುಪಾದರು ಗಡಿಯಾರ ನೋಡಿಕೊಂಡರು.

“ಈ ಬಿಳಿ ಪತಂಗ ಬಾವಿ ನೀರಾಗ ಇರೂದಲ್ಲ. ಇದು ಕಬ್ಬಿನ ಸುಳಿ ಕೊರಿಯೂ ಹುಳದ ತಾಯಿ. ಬಾಲದ ತುದಿಗೆ ಕೇಸರಿ ಕೂದಲ ಜುಟ್ಟ ನೋಡ್ರಿ, ಹೆಣ್ಣು. ಹಗಲಿಡೀ ಕಬ್ಬಿನ ಎಲಿ ಕೆಳಗ ಕುಂದರತೈತಿ. ಕತ್ತಲಾದ ಮ್ಯಾಲೆ ದೀಪ ಕಂಡ್ರ ಬರತೈತಿ. ಪ್ರೊಫೆಸರ್ ಸಾಹೇಬ್ರು ಇದನ್ನ ಬಾವ್ಯಾಗ ಈಸಾಡಸ್ಯಾರ.”

“ಸಾಂದರ್ಭಿಕವಾಗಿ ಬಿದ್ದಿರಬಹುದು,” ಎಂದರು ಗುರುಪಾದ.

“ಬಿದ್ದಿರಬಹುದು. ಹಂಗಂತ ಬರೀಬೇಕಿತ್ತು. ಬರದಿಲ್ಲ.”

ಅವಳು ಭೂತಗನ್ನಡಿಯನ್ನು ಶಶಿಕಾಂತನ ಕೈಗೆ ಕೊಟ್ಟಳು. ಪತಂಗದ ರೆಕ್ಕೆಯ ಹುಡಿ ಉದುರಿ ಲೋಟದ ಒಳಬದಿಗೆಲ್ಲ ಹಿಟ್ಟು ಮೆತ್ತಿದ ಹಾಗೆ ಅಂಟಿದ್ದುದು ಪೊಲೀಸರ ಫೋಟೋದಲ್ಲೇ ಕಾಣುತ್ತಿತ್ತು. ಜೀವಂತ ಬಿದ್ದು, ಒದ್ದಾಡಿ ಸತ್ತ ಹುಳ. ಮೂರು ದಿನಕ್ಕೆ ಹೊಟ್ಟೆ ಕೊಳೆತು ಮೆತ್ತಗಾಗಿ ನಾರುತ್ತಿತ್ತು.

“ಅಂದ್ರ ಲೋಟ ರಾತ್ರಿ ಹೊತ್ತಿನ್ಯಾಗ, ದೀಪದ ಕೆಳಗ, ಬಾಯಿ ತಕ್ಕೊಂಡು ಕುಂತಿತ್ತು. ಜಿನೇಶಪ್ಪಾ!”

ಜಿನೇಶ ಬಾಗಿಲಿಗೆ ಬಂದು ನಿಂತ.

“ನಿಮ್ಮ ಅಪ್ಪಾಜಿ ಹೊತ್ತ ಮುಣಗಿದ ಮ್ಯಾಲೆ ನೀರ ಕುಡೀತಿದ್ರೇನು?”

“ಛೇ ಛೇ! ಹದಿನೆಂಟ ವರ್ಷಾತ್ರಿ ಬಿಟ್ಟು. ಹೊತ್ತ ಮುಣಗಿತಂದ್ರ ಒಂದ ಹನಿ ಸುದ್ದಾ ಬಾಯಾಗ ಹಾಕ್ತಿದ್ದಿಲ್ಲ.”

“ಹಂಗಾರ ರಾತ್ರಿ ಆ ಲೋಟ ಯಾರಿಗೆ ಇಟ್ಟಿದ್ರಪಾ? ಪತಂಗಕ್ಕೇನು?”

ಜಿನೇಶ ಕರವಸ್ತ್ರ ಮಡಚಿದ, ಮತ್ತೆ ಬಿಚ್ಚಿದ. ಇವನ ತಲೆಗೆ ಈ ಪ್ರಶ್ನೆ ಮೂರು ದಿನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ ಎಂಬುದು ಮುಖದಲ್ಲೇ ಬರೆದಿತ್ತು. ಹೆಂಡತಿಯ ಮೇಲೆ ದೂರು ಬರೆಯಲು ಮಾತ್ರ ಪುಟ ಸಾಲದೆ ಹಿಂಬದಿಗೂ ಬರೆದಿದ್ದ.

“ಕುಡಿಯಾಕ ಇಟ್ಟಿದ್ದಲ್ಲ ಅದು, ತೋರಸಾಕ ಇಟ್ಟಿದ್ದು,” ಎಂದು ಯಲ್ಲಕ್ಕ ದುಂಬಿಯ ಕಡೆ ತಿರುಗಿದಳು. “ಈಗ ಇವರ ಎರಡನೇ ಸಾಕ್ಷಿ ನೋಡೋಣ.”

ಚಿಮಟದ ತುದಿಯಿಂದ ದುಂಬಿಯ ಬೆನ್ನು ತಟ್ಟಿದಳು. ಟಕ್ ಎಂದಿತು. ಮತ್ತೊಮ್ಮೆ ತಟ್ಟಿದಳು. ಒಣಗಿದ ಅವರೆಕಾಯಿಯ ಸಿಪ್ಪೆಯ ಸದ್ದು.

ಪತಂಗ ನಾರುತ್ತಿತ್ತು. ಅದರ ಜೊತೆ ಅದೇ ನೀರಿನಲ್ಲಿ ಮೂರು ದಿನ ಇದ್ದ, ಅದಕ್ಕಿಂತ ಹತ್ತು ಪಟ್ಟು ಮೈಯಿರುವ ದುಂಬಿ ನಾರುತ್ತಿರಲಿಲ್ಲ. ಒಳಗೆ ಏನೂ ಇರಲಿಲ್ಲ. ಕಾಲುಗಳನ್ನು ನೋಡಿದಳು. ಮುಂದಿನ ಜೋಡಿ ಮುಂದಕ್ಕೆ, ದೋಣಿಯ ಹುಟ್ಟಿನಂಥ ಹಿಂದಿನ ಜೋಡಿ ಹಿಂದಕ್ಕೆ, ಎಡಬಲ ಅಳತೆ ಹಿಡಿದ ಹಾಗೆ. ವಿಷ ಕುಡಿದ ಹುಳ ಕಾಲು ಮುದುರಿಕೊಂಡು ಸಾಯುತ್ತದೆ, ಫೋಟೋಗೆ ನಿಂತ ಹಾಗೆ ಸಾಯುವುದಿಲ್ಲ.

ಇದು ಲೋಟದಲ್ಲಿ ಸತ್ತದ್ದಲ್ಲ. ಎಂದೋ ಸತ್ತು, ಯಾರದೋ ಪೆಟ್ಟಿಗೆಯಲ್ಲಿ ಸೂಜಿಗೆ ನಿಂತಿದ್ದದ್ದು.

ಯಲ್ಲಕ್ಕನಿಗೆ ನಗು ಬಂತು. ಸೂಜಿಯ ತೂತು ಬಲಚಿಪ್ಪಿನ, ಅಂದರೆ ಬಲರೆಕ್ಕೆ ಮುಚ್ಚುವ ಗಟ್ಟಿ ಚಿಪ್ಪಿನ, ಮೇಲಿರುತ್ತದೆ. ಪತಂಗಕ್ಕಾದರೆ ಎದೆಯ ನಡುವೆ, ದುಂಬಿಗೆ ಬಲಚಿಪ್ಪಿಗೆ, ಇದು ಹುಳ ಜೋಡಿಸುವವರೆಲ್ಲರ ಪದ್ಧತಿ. ತೂತು ತೋರಿಸಿದರೆ ಗುರುಪಾದರ ವರದಿ ಭಜಿ ಕಟ್ಟಲಿಕ್ಕೂ ಬಾರದು. ಅವಳು ಕನ್ನಡಿ ಹಿಡಿದು ಬಗ್ಗಿದಳು.

ಬಲಚಿಪ್ಪು ನುಣ್ಣಗಿತ್ತು.

ತೂತು ಎಡಚಿಪ್ಪಿನಲ್ಲಿತ್ತು.

ಯಲ್ಲಕ್ಕ ಕನ್ನಡಿ ಕೆಳಗಿಟ್ಟಳು.

ಎಡಚಿಪ್ಪಿಗೆ ಸೂಜಿ ಚುಚ್ಚುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ ಇದ್ದರು. ಅದು ಅವಳೇ, ಬೀಳಗಿ ಕಡೆಯ ಕುರಿ ಕಾಯುವ ಮನೆತನದ ಯಲ್ಲಕ್ಕ.

ಬಿಎಸ್ಸಿ ಕೊನೆಯ ವರ್ಷದ ಪ್ರತಿಯೊಬ್ಬರೂ ಇಪ್ಪತ್ತೈದು ಹುಳ ಹಿಡಿದು, ಸಾಯಿಸಿ, ಪೆಟ್ಟಿಗೆಯಲ್ಲಿ ಜೋಡಿಸಿ ಪರೀಕ್ಷೆಗೆ ಒಪ್ಪಿಸಬೇಕಿತ್ತು. ಜೈನರ ಮಕ್ಕಳಿಗೆ ಅದು ಆಗದ ಕೆಲಸ. ಒಂಬತ್ತು ವರ್ಷದ ಹಿಂದೆ ಮೇಘಾ ಇದೇ ಮೇಜಿನ ಎದುರು ನಿಂತು, “ಸರ್, ನನ್ನ ನಪಾಸ ಮಾಡ್ರಿ, ನಾ ಕೊಲ್ಲೂದಿಲ್ಲ” ಎಂದಿದ್ದಳು. ಗುರುಪಾದರು ಇಡೀ ತರಗತಿಯ ಎದುರು ಅವಳನ್ನು ಅರ್ಧ ಗಂಟೆ ಹಂಗಿಸಿದ್ದರು. ಅವರ ಇಡೀ ವರ್ಷದ ಪಾಠಗಳಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಅರ್ಥವಾದದ್ದು ಅದೊಂದೇ.

ಆಮೇಲೆ ಯಲ್ಲಕ್ಕ ಬಸ್‌ಸ್ಟ್ಯಾಂಡಿನ ದೀಪದ ಕಂಬಗಳ ಕೆಳಗೆ ತಾವಾಗಿ ಬಿದ್ದು ಸತ್ತ ಹುಳಗಳನ್ನು ಬೆಳಿಗ್ಗೆ ಬೆಳಿಗ್ಗೆ ಆಯ್ದು ತಂದು, ಮೇಘಾಳ ಹೆಸರಿನಲ್ಲಿ ಪೆಟ್ಟಿಗೆ ಮಾಡಿಕೊಟ್ಟಳು. ಮೂವತ್ತೊಂದು ವರ್ಷದಲ್ಲಿ ಅಂಥ ಹನ್ನೊಂದು ಪೆಟ್ಟಿಗೆ. ತಾನು ಮಾಡಿದ್ದು ತನಗೆ ಗುರುತು ಸಿಗಲಿ, ಪರೀಕ್ಷಕರು ಬಂದಾಗ ಹಿಂದಿನ ಸಾಲಿಗೆ ಸರಿಸಲು ಬರಲಿ ಎಂದು ಅವುಗಳ ದುಂಬಿಗಳಿಗೆಲ್ಲ ಎಡಕ್ಕೆ ಸೂಜಿ ಹಾಕಿದ್ದಳು. ಹನ್ನೊಂದರಲ್ಲಿ ನೀರುದುಂಬಿ ಇದ್ದದ್ದು ಒಂದರಲ್ಲೇ, ಮೇಘಾಳದ್ದರಲ್ಲಿ.

“ಯಾಕ ಸುಮ್ಮಕಾದಿ?” ಗುರುಪಾದರು ಎದ್ದು ಬಂದು ಕನ್ನಡಿ ಕಸಿದುಕೊಂಡರು. ನೋಡಿದರು. ಮುಖ ಅರಳಿತು. “ಓಹೋ, ಸೂಜಿ ತೂತು! ಶಶಿಕಾಂತ್, ಇದು ಸಂಗ್ರಹದ ಹುಳ. ನನ್ನ ವರದೀನ್ಯಾಗ ಒಂದ ತಿದ್ದುಪಡಿ ಮಾಡೋಣ.”

“ಹಂಗಂದ್ರ ಮೇಘಾ ಮ್ಯಾಲಿನ ಕೇಸು...”

“ಗಟ್ಟಿ ಆತು! ಆಕಿ ನನ್ನ ವಿದ್ಯಾರ್ಥಿನಿ, ಇಲ್ಲೇ ಬಿಎಸ್ಸಿ ಮಾಡ್ಯಾಳ. ಹುಳದ ಪೆಟ್ಟಿಗಿ ಇರೂದು ಆಕಿ ಹತ್ರನಽ. ಬಾವಿ ನೀರಿಂದ ಆತು ಅನಸಾಕ ತಾನಽ ಹಾಕ್ಯಾಳ. ಆ ಮನ್ಯಾಗ ಬ್ಯಾರೆ ಯಾರಿಗೆ ದುಂಬಿ ಗೊತ್ತು? ಆ ಮುದುಕರನ್ನಂತೂ ನಾ ಕಣ್ಣಿಲೇ ಸುದ್ದಾ ಕಂಡಿಲ್ಲ, ಆದ್ರ ಸೊಸಿ ಹೆಂತಾಕಿ ಅನ್ನೂದು ನನಗ ಗೊತ್ತೈತಿ.”

ಹದಿನೈದು ನಿಮಿಷದ ಹಿಂದೆ ಇದೇ ಬಾಯಿ ದುಂಬಿ ಬಾವಿಯಿಂದ ಬಂತು ಎಂದು ಸಹಿ ಹಾಕಿ ಕೂತಿತ್ತು. ಅದನ್ನು ನುಂಗಿ ನೀರು ಕುಡಿಯಲು ಅದಕ್ಕೆ ಅರೆಕ್ಷಣವೂ ಬೇಕಾಗಲಿಲ್ಲ. ಆದರೆ ಯಲ್ಲಕ್ಕನಿಗೆ ಈಗ ಬೈಯಲೂ ಆಗಲಿಲ್ಲ. ಸತ್ಯವನ್ನು ಅರ್ಧ ಹೇಳಿದ್ದರಿಂದ ಮೇಘಾಳ ಕುತ್ತಿಗೆಯ ಉರುಲು ಇನ್ನಷ್ಟು ಬಿಗಿಯಾಗಿತ್ತು. ಪೂರ್ತಿ ಹೇಳಿದರೆ ಅವಳು ಬಿಡುಗಡೆಯಾಗುತ್ತಾಳೆ. ಆದರೆ ಪರೀಕ್ಷೆಯಲ್ಲಿ ಮೋಸ ಮಾಡಿಸಿದ ಅಟೆಂಡರ್ ಎಂದು ಯಲ್ಲಕ್ಕನ ಮೇಲೆ ವಿಚಾರಣೆ ಬರುತ್ತದೆ, ಪಿಂಚಣಿ ನಿಲ್ಲುತ್ತದೆ. ಹನ್ನೊಂದು ಮಕ್ಕಳ ಡಿಗ್ರಿಯ ಮೇಲೂ ಮಣ್ಣು ಬೀಳುತ್ತದೆ.

ಗಡಿಯಾರದಲ್ಲಿ ಎರಡು ಗಂಟೆಗೆ ಐದು ನಿಮಿಷವಿತ್ತು. ಶಶಿಕಾಂತ ಫೋನ್ ತೆಗೆದು, ಆರೋಪಿಯನ್ನು ಜೀಪಿಗೆ ಹತ್ತಿಸಲು ಹೇಳಲಿಕ್ಕೆ ಠಾಣೆಯ ನಂಬರ್ ಹುಡುಕುತ್ತಿದ್ದ.

“ಫೋನ್ ಇಡ್ರಿ,” ಎಂದಳು ಯಲ್ಲಕ್ಕ. “ಹಾಳಿ ತಗೀರಿ. ನನ್ನ ಹೇಳಿಕಿ ಬರಕೋರಿ.”

“ಏನಂತರಿ?”

“ಆ ತೂತ ನಾ ಮಾಡಿದ್ದು. ಮೇಘಾನ ಪೆಟಿಗಿ ಮಾಡಿದಾಕಿ ನಾನು. ಆಕಿ ಒಂದ ಹುಳಾನೂ ಮುಟ್ಟಿಲ್ಲ. ಹಿಂಗ ಹನ್ನೊಂದ ಮಂದಿಗೆ ಮಾಡೇನಿ.”

ಗುರುಪಾದರ ಮುಖದಲ್ಲಿ ಹಬ್ಬವೇ ಆಯಿತು. “ಕೇಳಿದ್ರೇನು ಶಶಿಕಾಂತ್? ಮೂವತ್ತ ವರ್ಷ ನನ್ನ ಮೂಗಿನ ಕೆಳಗ!”

“ನಿಮ್ಮ ಮೂಗಿನ ಕೆಳಗ ಆನಿ ಕಟ್ಟಿದ್ರೂ ನಿಮಗ ಕಾಣಸ್ತಿದ್ದಿಲ್ರಿ ಸರ್. ಹನ್ನೊಂದ ಪೆಟಿಗಿ ನೋಡಿ, ಹನ್ನೊಂದಕ್ಕೂ ಪೂರ್ತಿ ಮಾರ್ಕ್ಸ್ ಕೊಟ್ಟೀರಿ. ಎಡ ಯಾವುದು ಬಲ ಯಾವುದು ತಿಳಿಲಿಲ್ಲ ನಿಮಗ.” ಅವಳು ಶಶಿಕಾಂತನ ಕಡೆ ತಿರುಗಿದಳು. “ಮುಂದಿಂದ ಬರಕೋರಿ. ಜೈನರ ಮನ್ಯಾಗ ಸತ್ತ ಹುಳದ ಪೆಟಿಗಿ ಹೊಸ್ತಿಲಾ ದಾಟೂದಿಲ್ಲ. ಪರೀಕ್ಷಾ ಮುಗದ ಮ್ಯಾಲೆ ಒಬ್ಬರೂ ಮನಿಗೆ ಒಯ್ಯಲಿಲ್ಲ. ಹನ್ನೊಂದೂ ಇಲ್ಲೇ, ಈ ಕಪಾಟಿನ್ಯಾಗ ಅದಾವು. ಮೇಘಾನ ಕೈಗೆ ಆ ದುಂಬಿ ಯಾವತ್ತೂ ಹೋಗಿಲ್ಲ. ಬರದ್ರೇನು? ಕೊಡ್ರಿ, ಸಹಿ ಮಾಡತೇನಿ.”

ಶಶಿಕಾಂತನ ಪೆನ್ನು ಹಾಳೆಯ ಮೇಲೆ ನಿಂತಿತ್ತು.

“ಯಲ್ಲಕ್ಕಾರ, ಸಹಿ ಆತಂದ್ರ ನಾ ಇದನ್ನ ಮುಚ್ಚಿಡಾಕ ಬರೂದಿಲ್ರಿ.”

“ಮುಚ್ಚಿಡಾಕ ಯಾರ ಹೇಳ್ಯಾರ ನಿಮಗ? ಜಿರಲೀಗೆ ಎಂಟ ಕಾಲ ಬರದಾಂವ್ರು ನೀವು, ಇದನ್ನರೆ ಸರಿ ಬರೀರಿ.”

ಸಹಿ ಹಾಕಿದಳು. ತನ್ನ ಬದುಕಿನಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಇಂಥವರ ಬಾಯಿಗೆ ಎಲೆಯಡಿಕೆಯಾಯಿತಲ್ಲ ಎಂದು ಅವಳಿಗೆ ಹೊಟ್ಟೆಯುರಿಯಿತು.

“ಮಲಕಾಜಪ್ಪಾ, ಕಪಾಟದ ಕೀಲಿ ತಾ!”

ಮಲಕಾಜಪ್ಪ ಅವಳ ಜಾಗಕ್ಕೆ ಬಂದ ಅಟೆಂಡರ್, ನಲವತ್ತರ ಹೆದರುಪುಕ್ಕಲ. ಕೀಲಿಗೊಂಚಲು ಹಿಡಿದು ಬಂದವನು ಗುರುಪಾದರ ಮುಖ ನೋಡಿ ಅಲ್ಲೇ ನಿಂತ. ಯಲ್ಲಕ್ಕ ತಾನೇ ಕಸಿದುಕೊಂಡು ಕಪಾಟು ತೆರೆದಳು. ನ್ಯಾಫ್ತಲೀನ್ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು.

ಕೆಳಗಿನ ಅಡ್ಡಹಲಗೆಯ ಮೇಲೆ ಪೆಟ್ಟಿಗೆಗಳು ಸಾಲಾಗಿದ್ದವು. ಶಶಿಕಾಂತ ಬೆರಳಿಟ್ಟು ಎಣಿಸಿದ. ಹತ್ತು.

ಏಳನೆಯ ಮತ್ತು ಒಂಬತ್ತನೆಯ ನಂಬರಿನ ಪೆಟ್ಟಿಗೆಗಳ ನಡುವೆ ಧೂಳಿಲ್ಲದ ಒಂದು ಚೌಕ ಇತ್ತು.

“ಎಲ್ಲೆ ಹೋತು?” ಗುರುಪಾದರು ಚಪ್ಪಾಳೆ ತಟ್ಟುವುದೊಂದು ಬಾಕಿ. “ಕೈಗೆ ಹೋಗಿಲ್ಲ ಅಂದ್ಯಲ್ಲ? ಬಂದು ಒಯ್ದಾಳ! ಮಾಡಿದಾಕಿ ನೀನು, ಒಯ್ದಾಕಿ ಆಕಿ. ಇಬ್ಬರನ್ನೂ ಒಂದಽ ಜೀಪಿನ್ಯಾಗ ಕರಕೊಂಡ ಹೋಗ್ರಿ.”

ಬಾಗಿಲಲ್ಲಿದ್ದ ಜಿನೇಶ ಗೋಡೆಗೆ ಒರಗಿ, “ನಾ ಹೇಳಿದ್ದ ಖರೆ ಆತು ನೋಡ್ರಿ” ಎಂದ. ಹೆಂಡತಿ ಕೊಲೆಗಾತಿ ಎಂಬುದು ಖರೆಯಾದರೆ ಸಮಾಧಾನಪಡುವ ಗಂಡನನ್ನು ಯಲ್ಲಕ್ಕ ಅಂದೇ ಮೊದಲು ಕಂಡದ್ದು. ಅವನ ಕಡೆ ಉಗುಳಬೇಕೆನಿಸಿತು, ನೆಲ ಒರೆಸುವವನು ಮಲಕಾಜಪ್ಪ ಎಂದು ಬಿಟ್ಟಳು.

ಅವಳ ಕಣ್ಣು ಕಪಾಟಿನ ಬಾಗಿಲ ಒಳಬದಿಗೆ ಹೋಯಿತು. ಅಲ್ಲಿ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ನೋಟುಪುಸ್ತಕ ಇನ್ನೂ ಇತ್ತು. ಕಪಾಟಿನಿಂದ ಏನು ಹೊರಗೆ ಹೋದರೂ ಅದರಲ್ಲಿ ಒಯ್ದವರ ಸಹಿ ಬೀಳಬೇಕು. ಆ ನೇಮ ಮಾಡಿದವಳು ಅವಳು. ನಿವೃತ್ತಿಯ ಮರುದಿನವೇ ಅದನ್ನು ಗಾಳಿಗೆ ತೂರಿರುತ್ತಾರೆ ಎಂದುಕೊಂಡಿದ್ದಳು.

“ಮಲಕಾಜಪ್ಪಾ, ಇದರಾಗ ಈಗೂ ಬರೀತೀಯೇನು?”

“ಬರೀತೇನಿ ಯಲ್ಲಕ್ಕಾರ. ಸಹಿ ಇಲ್ಲದ ಒಂದ ಸೂಜೀನೂ ಹೊರಗ ಬಿಡಬ್ಯಾಡ ಅಂದಿದ್ರಲ್ಲ ನೀವು.” ಅವನು ತಲೆ ತಗ್ಗಿಸಿದ. “ಆ ಪೆಟಿಗಿ ಹ್ವಾದ ದಿನಾ ಸುದ್ದಾ ಬರಸೇನಿ. ಗೇಟಿನ ತನಕಾ ಓಡಿ ಹೋಗಿ ಬರಸೇನಿ.”

ಗುರುಪಾದರು ಪುಸ್ತಕದ ಕಡೆ ಕೈ ಚಾಚಿದರು.

“ಏನ್ ಪುಸ್ತಕ ಅದು? ಅದಕ್ಕೇನೂ ಮಾನ್ಯತಾ ಇಲ್ಲ. ಮಲಕಾಜಪ್ಪ, ನಡಿ ಹೊರಗ.”

“ಅಂವ ಇಲ್ಲೆ ನಿಲ್ಲತಾನ,” ಎಂದ ಶಶಿಕಾಂತ. ಅಂದು ಮೊದಲ ಸಲ ಅವನ ದನಿ ಪೊಲೀಸರ ದನಿಯ ಹಾಗೆ ಕೇಳಿಸಿತು.

ಯಲ್ಲಕ್ಕ ಕೊನೆಯ ಪುಟ ತಿರುಗಿಸಿದಳು. ಕೊನೆಯ ಸಾಲು ಸೋಮವಾರದ್ದು. ಆದಿನಾಥರು ಸಾಯುವ ಎರಡು ದಿನ ಮೊದಲು. ಮಲಕಾಜಪ್ಪನ ಗುಂಡು ಅಕ್ಷರ: ‘ಹುಳದ ಪೆಟಿಗಿ ನಂ. 8, ಮೇಘಾ. ಕೊಟ್ಟವರು: ದೊಡ್ಡ ಸಾಹೇಬರು ಗುರುಪಾದ.’ ಅದರ ಎದುರು, ಒಯ್ದವರ ಜಾಗದಲ್ಲಿ, ನೀಲಿ ಶಾಯಿಯ ಉದ್ದನೆಯ ಹಳೆಯ ಕಾಲದ ಸಹಿ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಪುಸ್ತಕವನ್ನು ದಾರದಿಂದ ಕಿತ್ತು, ಮಾತಾಡದೆ ಜಿನೇಶನ ಮುಂದೆ ಹಿಡಿದಳು.

“ಇದು ಯಾರ ಸಹಿ?”

ಜಿನೇಶ ನೋಡಿದ. ಕರವಸ್ತ್ರ ಕೈಯಿಂದ ಜಾರಿ ಬಿತ್ತು. ಈ ಸಲ ಕೆಳಗೆ ಇರುವೆ ಇದೆಯೇ ಎಂದು ನೋಡದೆ ಅವನು ನೆಲದ ಮೇಲೇ ಕುಸಿದು ಕೂತ.

“ಅಪ್ಪಾಜೀದು,” ಎಂದ. “ಇದು ನಮ್ಮ ಅಪ್ಪಾಜೀ ಸಹಿ.”

ಶಶಿಕಾಂತ ಗುರುಪಾದರ ಕಡೆ ತಿರುಗಿದ. “ಆ ಮುದುಕರನ್ನ ಕಣ್ಣಿಲೇ ಕಂಡಿಲ್ಲ ಅಂದ್ರಿ.”

ಗುರುಪಾದರು ಮೇಜಿನ ಮೇಲಿದ್ದ ತಮ್ಮ ವರದಿಯನ್ನು ಮಡಚಿ ಕಿಸೆಗೆ ಹಾಕಲು ನೋಡಿದರು.

ಯಲ್ಲಕ್ಕನಿಗೆ ಅವರ ಮೇಲೆ ಗಮನವಿರಲಿಲ್ಲ. ಹದಿನೆಂಟು ವರ್ಷ ಕತ್ತಲಾದ ಮೇಲೆ ಹನಿ ನೀರು ಮುಟ್ಟದ, ಸತ್ತ ಹುಳವನ್ನು ಹೊಸ್ತಿಲ ಒಳಗೆ ಬಿಡದ ಮನುಷ್ಯ, ತೇರದಾಳದಿಂದ ಬಸ್ಸು ಹತ್ತಿ ಬಂದು ಸತ್ತ ಹುಳಗಳ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಯಾಕೆ?

“ಮಲಕಾಜಪ್ಪಾ, ಗೇಟಿನ ಹತ್ರ ಆ ಅಜ್ಜಾರು ನಿನಗೇನರೆ ಅಂದ್ರೇನು?”

“ಒಂದಽ ಮಾತ ಕೇಳಿದ್ರಿ.” ಮಲಕಾಜಪ್ಪ ಕೀಲಿಗೊಂಚಲನ್ನು ಎದೆಗೆ ಒತ್ತಿಕೊಂಡ. “‘ಇದರ ಮ್ಯಾಲೆ ನಮ್ಮ ಸೊಸಿ ಹೆಸರ ಚಂದಾಗಿ ಕಾಣತೈತೇನಪಾ?’ ಅಂದ್ರು. ಕಾಣತೈತ್ರಿ ಅಂದೆ. ‘ಛಲೋ ಆತು, ನಾ ಹೋದ ಮ್ಯಾಲೆ ನೋಡಾವ್ರಿಗೆ ಕಾಣಬೇಕು’ ಅಂದ್ರು.”